ತೋಟದ ತೂಕಕ್ಕೆ ರೈಟ್ರ ದನಿ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಾವು ನಾಲ್ಕೈದು ಜನ ಸಂಜೆ ಹೊತ್ತು ಒಂದು ಟೀ ಅಂಗಡಿ ಹತ್ತಿರ ಸೇರುತ್ತೇವೆ. ಕಾಫಿ ತೋಟದಲ್ಲಿ ಆಳುಗಳು ಕೊಯ್ದ ಹಣ್ಣಿನ ತೂಕ ಬರೆಯೋಕೆ ಟ್ಯಾಬ್ ಇಡುತ್ತೇನೆ ಅಂದಾಗ ಅಲ್ಲಿ ಎಲ್ಲರೂ ನಕ್ಕರು. ಆ ತೂಕ, ಲೆಕ್ಕ ಬರೆಯೋ ಗುಮಾಸ್ತರಿಗೆ ತೋಟದಲ್ಲಿ ರೈಟ್ರು ಅಂತಾರೆ. "ರೈಟ್ರು ಪುಸ್ತಕ ಬಿಡಲ್ಲ, ನೀನು ದುಡ್ಡು ಕಳ್ಕೋತೀಯ" ಅಂದ ಒಬ್ಬ. ದುಡ್ಡಿನ ಮಾತು ನಿಜವಾಯಿತು. ಪುಸ್ತಕದ ಮಾತು ಈ ಸಲದ ರೋಬಸ್ಟಾ ಕೊಯ್ಲಿಗೆ ಸುಳ್ಳಾಯಿತು.

ತೋಟ ಇರೋದು ಆಲ್ದೂರು ಕಡೆ. ಕೊಯ್ಲಿಗೆ ಸುಮಾರು 60 ಆಳು. ರೈಟ್ರಿಗೆ ವಯಸ್ಸು ಅರವತ್ತು ದಾಟಿದೆ, ಚೆಕ್‌ರೋಲ್, ಅಂದರೆ ಆಳುಗಳ ಲೆಕ್ಕದ ಪುಸ್ತಕ, ಬರೆಯೋಕೆ ಹಿಡಿದು 30 ವರ್ಷವಾದರೂ ಆಗಿರಬೇಕು. ಅವರ ಕೈಗೆ ನಾನು ಕೊಟ್ಟ ಮೊದಲ ಆವೃತ್ತಿಯಲ್ಲಿ ಲಾಗಿನ್ ಇತ್ತು, ಪಾಸ್‌ವರ್ಡ್ ಇತ್ತು, ಹೆಸರು ಆರಿಸಲು ಉದ್ದದ ಪಟ್ಟಿ ಇತ್ತು. ಬಟನ್ 48 ಡಿಪಿ (ಪರದೆ ಮೇಲಿನ ಗಾತ್ರ ಅಳೆಯೋ ಮಾನ), ಬೆರಳಿಗೆ ಇಷ್ಟಾದರೂ ಇರಲಿ ಅಂತ ಆಂಡ್ರಾಯ್ಡ್ ಹೇಳುವ ಅಳತೆಯೇ. ಆದರೆ ಸಂಜೆ ಹೊತ್ತಿಗೆ ಬೆರಳಲ್ಲಿ ಹಣ್ಣಿನ ಅಂಟು ಇರುತ್ತೆ ಅಂತ ಯಾವ ಅಳತೆಯೂ ಹೇಳಿರಲಿಲ್ಲ. ಒಂದು ಒತ್ತಿದರೆ ಇನ್ನೊಂದು ತೆರೆಯಿತು. ಏಳು ಜನ ಲಕ್ಷ್ಮಿಯರಲ್ಲಿ ಇವಳು ಯಾವ ಲಕ್ಷ್ಮಿ ಅಂತ ಹುಡುಕುವಷ್ಟರಲ್ಲಿ ಚೀಲ ಹೊತ್ತು ನಿಂತವರು ಕೂಗೋಕೆ ಶುರು ಮಾಡಿದರು. "ನೋಡಪ್ಪಾ, ಇದು ರಾತ್ರಿ ಕೂತು ಮಾಡೋ ಕೆಲಸ" ಅಂತ ರೈಟ್ರು ಟ್ಯಾಬ್ ಪಕ್ಕಕ್ಕಿಟ್ಟು ಪುಸ್ತಕ ತೆಗೆದರು. ಆ ಸೀಸನ್ ಪೂರ್ತಿ ಸಂಜೆ ಪುಸ್ತಕಕ್ಕೆ ಬರೆದು, ರಾತ್ರಿ ಟ್ಯಾಬಿಗೆ ಏರಿಸಿದರು. ಕೆಲಸ ಕಮ್ಮಿ ಮಾಡೋಕೆ ಹೋಗಿ ಎರಡು ಪಟ್ಟು ಮಾಡಿದ್ದೆ.

ಟೈಪೇ ಬೇಡ ಅಂತ ಆಮೇಲೆ ಬ್ಲೂಟೂತ್ ತೂಕದ ಯಂತ್ರ ತಂದೆ. ಸುಮಾರು 14 ಸಾವಿರ. ದಿನಕ್ಕೆ ಏಳೆಂಟು ಸಲ ಕನೆಕ್ಷನ್ ತಪ್ಪುತ್ತಿತ್ತು. ಈಗ ಅದರ ಮೇಲೆ ನಮ್ಮ ಮನೆಯಲ್ಲಿ ಅಡಿಕೆ ತೂಗುತ್ತಾರೆ.

ಮುಂದಿನ ಸೀಸನ್ನಿಗೆ ಕೋಡ್ ಮುಟ್ಟದೆ ನಾಲ್ಕು ಸಂಜೆ ಸುಮ್ನೆ ತೂಕದ ಪಕ್ಕ ಕ್ರೇಟ್ ಬೋರಲು ಹಾಕಿ ಕೂತೆ. ಅಲ್ಲಿ ನಡೆಯೋದು ಹೀಗೆ. ಆಳು ತನ್ನ ಚೆಕ್‌ರೋಲ್ ನಂಬರ್ ಹೇಳುತ್ತಾಳೆ. ರೈಟ್ರು ತೂಕ ನೋಡಿ, ಚೀಲದ್ದು ಕಳೆದು, ಅರ್ಧ ಕೆ.ಜಿ.ಗೆ ಸರಿಮಾಡಿ ಜೋರಾಗಿ ಕೂಗುತ್ತಾರೆ: "ಮೂವತ್ತೆರಡೂವರೆ!" ಅವಳೂ "ಮೂವತ್ತೆರಡೂವರೆ" ಅನ್ನುತ್ತಾಳೆ. ಆಮೇಲೇ ಪೆನ್ನು ಓಡೋದು, ಆಮೇಲೇ ಅವಳು ಜಾಗ ಬಿಡೋದು. ಕಿವಿಗೆ ಬೀಳದ ತೂಕ ಅವಳ ಲೆಕ್ಕದಲ್ಲಿ ತೂಕವೇ ಅಲ್ಲ. ನನ್ನ ಟ್ಯಾಬ್ ಅಲ್ಲಿಯವರೆಗೆ ಮೂಕವಾಗಿತ್ತು.

ಪಟ್ಟಿ ಕಿತ್ತು ಹಾಕಿದೆ. ನಂಬರ್, ಎಂಟರ್, ತೂಕ, ಎಂಟರ್, ಅಷ್ಟೇ. ನಂಬರ್ ಒತ್ತಿದ ತಕ್ಷಣ ಫೋಟೋ, ಹೆಸರು ದೊಡ್ಡದಾಗಿ ಬರುತ್ತೆ. ಪರದೆ ಮುಟ್ಟೋದೇ ಬೇಡ ಅಂತ 350 ರೂಪಾಯಿಯ ನಂಬರ್ ಕೀಪ್ಯಾಡ್ ಸಿಕ್ಕಿಸಿದೆ. ಮೊದಲ ದಿನವೇ ಮೇಸ್ತ್ರಿ ಹೆಂಡತಿ 98 ಕೆ.ಜಿ. ಕೊಯ್ದಳು ಅಂತ ಬಂತು! ಕೊಯ್ದಿದ್ದು 32. ಕಾರಣ ಹೊಳೆಯೋಕೆ ಒಂದು ರಾತ್ರಿ ಬೇಕಾಯಿತು. ಕಂಪ್ಯೂಟರ್ ಕೀಪ್ಯಾಡಲ್ಲಿ ಮೇಲಿನ ಸಾಲು 7 8 9, ಫೋನಲ್ಲಿ ಮೇಲಿನ ಸಾಲು 1 2 3. ರೈಟ್ರ ಬೆರಳು ಫೋನಲ್ಲಿ ಪಳಗಿದ್ದು. ಕೋಡಲ್ಲಿ ಕೀ ಅದಲುಬದಲು ಮಾಡಿ ಮೇಲೆ ಸ್ಟಿಕರ್ ಅಂಟಿಸಿದೆ. ಮತ್ತೆ 98 ಬರಲಿಲ್ಲ.

ಟ್ಯಾಬೂ ತೂಕ ಕೂಗಬೇಕಲ್ಲ, ಆ ದನಿಯದ್ದು ಬೇರೆ ಕಥೆ. ಮೊದಲು ಬರೆದದ್ದನ್ನು ಯಂತ್ರವೇ ಓದೋ ರೆಡಿಮೇಡ್ ದನಿ ಹಾಕಿದ್ದೆ. ಅದು "ಮೂವತ್ತೆರಡು ಬಿಂದು ಐದು" ಅಂತ ಓದಿತು. "ಬಿಂದು ಯಾರು?" ಅಂತ ಸಾಲಿಗೆ ಸಾಲೇ ನಕ್ಕಿತು. ಬಿಡಿ ಅಂಕಿ ರೆಕಾರ್ಡ್ ಮಾಡಿ ಜೋಡಿಸಿದೆ. "ಇಪ್ಪತ್ತು... ಮೂರು" ಅಂತ ಎರಡು ತುಂಡಾಗಿ ಬಂತು, ಇಪ್ಪತ್ತಾ, ಮೂರಾ ಅಂತ ಜಗಳ. ಕೊನೆಗೆ ರೈಟ್ರನ್ನೇ ಗೋಡೌನಿನಲ್ಲಿ ಕೂರಿಸಿ ಒಂದರಿಂದ ನೂರರವರೆಗೆ ಇಡಿಯಾಗಿ ಹೇಳಿಸಿದೆ, ಮತ್ತೆ "ವರೆ" ಸೇರಿಸಿ ಇನ್ನೊಂದು ಸುತ್ತು. ಒಟ್ಟು 200 ತುಣುಕು. ತುಂಬಿದ ಚೀಲಗಳ ಮಧ್ಯೆ ದನಿ ಗುಂಯ್‌ಗುಡಲ್ಲ, ಸ್ಟುಡಿಯೋ ಬಾಡಿಗೆ ಉಳಿಯಿತು. ತರಕಾರಿ ಗಾಡಿಯವರು ಇಟ್ಟುಕೊಳ್ಳೋ ಸ್ಪೀಕರ್ ಒಂದು, 900 ರೂಪಾಯಿ. ಈಗ ರೈಟ್ರಿಗೆ ನೆಗಡಿಯಾದರೂ ತೂಕದ ದನಿ ಗಟ್ಟಿಯಾಗೇ ಇರುತ್ತೆ.

ಅಳಿಸೋ ಬಟನ್ ತೆಗೆದುಬಿಟ್ಟೆ. ಅವರು ಪುಸ್ತಕದಲ್ಲಿ ತಪ್ಪಾದರೆ ಗೀಟು ಎಳೆದು ಪಕ್ಕಕ್ಕೆ ಬರೆಯುತ್ತಿದ್ದರು. ಟ್ಯಾಬಲ್ಲೂ ಹಳೇ ಅಂಕಿ ಗೀಟಿನ ಕೆಳಗೆ ಕಾಣುತ್ತೆ. ತೋಟದ ಸಾಹುಕಾರ್ರು ಮೆಚ್ಚಿದ್ದು ಇದೊಂದನ್ನೇ. ಒಬ್ಬಳೇ ಎರಡು ಚೀಲ ತಂದಾಗ ಅದು ನಿಜವಾಗಿ ಎರಡೋ, ಎಂಟರ್ ಎರಡು ಸಲ ಬಿದ್ದಿದ್ದೋ ಅಂತ ಗುರುತಿಸೋಕೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಮಧ್ಯೆ ಚೀಟಿ ಕೊಡೋ ಆಸೆಯೂ ಹುಟ್ಟಿತ್ತು. ಮೂರು ಸಾವಿರದ ಥರ್ಮಲ್ ಪ್ರಿಂಟರಿಗೆ ಕನ್ನಡ ಫಾಂಟೇ ಇಲ್ಲ. ಸಾಲು ಸಾಲನ್ನೂ ಚಿತ್ರ ಮಾಡಿ ಕಳಿಸಬೇಕು. ಒತ್ತಕ್ಷರ ಎಲ್ಲಾ ಸರಿ ಬಂತು. ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡ ಚೀಟಿ ಶನಿವಾರದ ಬಟವಾಡೆ ಹೊತ್ತಿಗೆ ಬೆವರಿಗೆ ಮಾಸಿಹೋಗುತ್ತಿತ್ತು. ಕೈಬಿಟ್ಟೆ.

ಎರಡು ಸೀಸನ್ನಿಗೆ ಕೈಯಿಂದ ಹೋಗಿದ್ದು ಸುಮಾರು 70 ಸಾವಿರ. ಹೋಗಿಬರೋ ಪೆಟ್ರೋಲ್ ಲೆಕ್ಕ ಹಾಕಿಲ್ಲ. ಬಂದಿದ್ದು 9 ಸಾವಿರ. ಬಟವಾಡೆ ಮಾತ್ರ ಮೊದಲು ರಾತ್ರಿ ಎಂಟರವರೆಗೆ ಎಳೆಯುತ್ತಿದ್ದದ್ದು ಈಗ ಒಂದು ಗಂಟೆಯಲ್ಲಿ ಮುಗಿಯುತ್ತೆ. ಟೀ ಅಂಗಡಿಯಲ್ಲಿ ನಕ್ಕವರಲ್ಲಿ ಇಬ್ಬರು ಬಂದು ನೋಡಿಕೊಂಡು ಹೋದರು.

ಸಕಲೇಶಪುರದ ಕಡೆಯಿಂದಲೂ ಒಬ್ಬರು ಕೇಳಿದ್ದಾರೆ. ಅಲ್ಲಿ ಆಳುಗಳು ಹಿಂದಿ ಮಾತಾಡುವವರು. ಹಿಂದಿಯಲ್ಲಿ ಅರೆ ಮುಂದೆ ಬರುತ್ತೆ, "ಸಾಡೆ ಬತ್ತೀಸ್". ಒಂದೂವರೆಗೆ "ಡೇಢ್", ಎರಡೂವರೆಗೆ "ಢಾಯಿ", ಅವೆರಡು ಬೇರೆಯೇ ಪದ. ಮತ್ತೆ 200 ತುಣುಕು. ಕೊಯ್ಲಿನವರಲ್ಲೇ ಗಟ್ಟಿ ಗಂಟಲಿನವರು ಯಾರಾದರೂ ಸಿಗುತ್ತಾರಾ ಅಂತ ಅಲ್ಲಿನ ಮೇಸ್ತ್ರಿಗೆ ಕೇಳಿದ್ದೇನೆ.