ಅಮ್ಮನ ‘ಸಾವಿರ ಸಲ ಹೇಳಿದ್ದೀನಿ’ ಕೂಡ ಇಂಗ್ಲಿಷ್ ಪಾಠವೇ

ಪರೀಕ್ಷೆ ಹತ್ತಿರ ಬಂದಾಗ ಇಂಗ್ಲಿಷ್ ನೋಟ್ಸಿನ ಕೊನೆಯ ಪುಟದಲ್ಲಿ ಅಲಂಕಾರಗಳ ಒಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಸಿಮಿಲಿ, ಮೆಟಫರ್, ಅಲಿಟರೇಶನ್, ಹೈಪರ್ಬಲಿ. ಎದುರಿಗೆ ಒಂದೊಂದು ಸಾಲಿನ ವಿವರಣೆ. ನಾನೂ ಅದನ್ನು ಉರು ಹೊಡೆದವಳೇ. ಪ್ರಶ್ನೆಪತ್ರಿಕೆಯಲ್ಲಿ ವಿವರಣೆ ಕೇಳಿರಲಿಲ್ಲ. ಪದ್ಯದ ಒಂದು ಸಾಲು ಕೊಟ್ಟು, ಇಲ್ಲಿರುವುದು ಯಾವುದು ಅಂತ ಕೇಳಿದ್ದರು. ಬಾಯಿಪಾಠ ಕೈಕೊಟ್ಟಿತು. ಆಮೇಲೆ ತಿಳಿಯಿತು, ಹೆಸರುಗಳು ಮಾತ್ರ ಹೊಸವು, ಒಳಗಿನ ಸಂಗತಿ ನಮಗೆ ಚೆನ್ನಾಗಿ ಗೊತ್ತಿರುವುದೇ.

ಮೊದಲು ಕನ್ನಡ ವ್ಯಾಕರಣದ ಪುಸ್ತಕ ತೆಗೆಯಿರಿ. ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಅನ್ನುವುದು ಉಪಮೆ. ಇಂಗ್ಲಿಷಿನ ಸಿಮಿಲಿಯೂ ಅದೇ. ‘ಸೀತೆಯ ಮುಖಕಮಲ ಅರಳಿತು’ ರೂಪಕ, ಅಂದರೆ ಮೆಟಫರ್. ಇನ್ನೂ ಹತ್ತಿರದ ಉದಾಹರಣೆ ಬೇಕಾ? ‘ಮಲ್ಲಿಗೆಯಂಥ ಇಡ್ಲಿ’ ಅಂದರೆ ಸಿಮಿಲಿ. ಬಿಸಿ ಇಡ್ಲಿ ತಟ್ಟೆಗೆ ಬಿದ್ದಾಗ ‘ಇದು ಇಡ್ಲಿ ಅಲ್ಲ, ಮಲ್ಲಿಗೆ’ ಅಂದುಬಿಟ್ಟರೆ ಮೆಟಫರ್. ‘ಅಂತೆ’, ‘ಹಾಗೆ’, ‘ಅಂಥ’ ಇದೆಯಾ ನೋಡಿ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಲೈಕ್’ ಮತ್ತು ‘ಆ್ಯಸ್’. ಆದರೆ ಜೋಪಾನ: ‘ಐ ಲೈಕ್ ಟೀ’ ಸಿಮಿಲಿ ಅಲ್ಲ. ಅಲ್ಲಿ ಹೋಲಿಕೆಯೇ ಇಲ್ಲ, ಚಹಾದ ಮೇಲಿನ ಆಸೆ ಅಷ್ಟೇ.

ಎರಡನೆಯದು, ಮನೆಮಾತಿಗೆ ಕಿವಿಗೊಡಿ. ‘ಸಾವಿರ ಸಲ ಹೇಳಿದ್ದೀನಿ’ ಅಂತ ಅಮ್ಮ ಗದರಿದರೆ ಅದು ಹೈಪರ್ಬಲಿ, ಇದ್ದದ್ದನ್ನು ಹಿಗ್ಗಿಸಿ ಹೇಳುವುದು. ‘ಹೊಟ್ಟೆ ತಾಳ ಹಾಕ್ತಿದೆ’ ಅನ್ನುವುದು ಪರ್ಸಾನಿಫಿಕೇಶನ್, ಹೊಟ್ಟೆಗೆ ಮನುಷ್ಯರ ಕೆಲಸ ಕೊಟ್ಟಿದ್ದೇವೆ. ‘ಕುರ್ಚಿಗಾಗಿ ಜಗಳ’ ಅನ್ನುವಾಗ ಅಧಿಕಾರ ಅನ್ನುವ ಬದಲು ಕುರ್ಚಿ ಅಂದಿದ್ದೇವೆ, ಅದು ಮೆಟೊನಿಮಿ. ಪಟಪಟ, ದಬದಬ ನಮ್ಮ ಅನುಕರಣಾವ್ಯಯಗಳು. ಇಂಗ್ಲಿಷಿನಲ್ಲಿ ಅವಕ್ಕೆ ಆನಮಟಪಿಯಾ ಅನ್ನುವ ಉದ್ದನೆಯ ಹೆಸರು. ಒಂದು ಪದಕ್ಕೆ ನಿಮ್ಮ ಮನೆಯ ಒಂದು ವಾಕ್ಯ ಬರೆದುಕೊಳ್ಳಿ. ಗೈಡಿನ ವಾಕ್ಯ ಬೇಡ, ಅದು ಮರೆತುಹೋಗುತ್ತದೆ.

ಅಲಿಟರೇಶನ್‌ನಲ್ಲಿ ಎಡವುವವರೇ ಜಾಸ್ತಿ. ಪಕ್ಕಪಕ್ಕದ ಪದಗಳು ಒಂದೇ ಅಕ್ಷರದಿಂದ ಶುರುವಾದರೆ ಸಾಕು ಅಂದುಕೊಳ್ಳುತ್ತಾರೆ. ಲೆಕ್ಕಕ್ಕೆ ಬರುವುದು ಅಕ್ಷರ ಅಲ್ಲ, ಶಬ್ದ. ಇದನ್ನು ಹಿಡಿಯಲು ನಮ್ಮ ಲಿಪಿಯೇ ಒಳ್ಳೆಯ ಸಾಧನ. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆದು ನೋಡಿ. ಸಿಟಿ, ಕ್ಯಾಟ್: ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲಕ್ಷರ ‘ಸಿ’, ಕನ್ನಡದಲ್ಲಿ ಬರೆದ ಕೂಡಲೇ ಬೇರೆಬೇರೆ. ಫೋನ್, ಫಿಶ್: ಅಲ್ಲಿ ಬೇರೆ ಅಕ್ಷರಗಳು, ಇಲ್ಲಿ ಎರಡೂ ‘ಫ’. ಈ ಎರಡನೆಯ ಜೋಡಿಯೇ ಅಲಿಟರೇಶನ್. ಪ್ರಾಸದಲ್ಲೂ ಒಂದು ವ್ಯತ್ಯಾಸ ಇದೆ. ಹಳಗನ್ನಡ ಕಾವ್ಯದಲ್ಲಿ ಪ್ರಾಸ ಕೂರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಇಂಗ್ಲಿಷಿನ ರೈಮ್ ಹುಡುಕಲು ಸಾಮಾನ್ಯವಾಗಿ ಸಾಲಿನ ಕೊನೆಗೆ ಹೋಗಬೇಕು.

ಇನ್ನು ನೆನಪಿನ ಕೆಲಸ. ಇದಕ್ಕೆ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ ಡಬ್ಬಿ ಪದ್ಧತಿ ಚೆನ್ನಾಗಿದೆ. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದು ಬದಿಗೆ ಪದ, ಇನ್ನೊಂದು ಬದಿಗೆ ನಿಮ್ಮ ವಾಕ್ಯ. ಮೂರು ಸ್ವೀಟ್ ಡಬ್ಬಿ ಇಡಿ. ಎಲ್ಲ ಚೀಟಿಯೂ ಮೊದಲು ಒಂದನೇ ಡಬ್ಬಿಗೆ, ಅದನ್ನು ದಿನಾ ನೋಡಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಹೋಗಲಿ. ಎರಡನೇ ಡಬ್ಬಿ ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ತಪ್ಪಿದ್ದು ಯಾವ ಡಬ್ಬಿಯಲ್ಲಿದ್ದರೂ ಮತ್ತೆ ಒಂದಕ್ಕೆ. ಸುಮ್ನೆ ಓದಬೇಡಿ, ಚೀಟಿ ತಿರುಗಿಸುವ ಮುನ್ನ ಉತ್ತರವನ್ನು ಬಾಯಿಬಿಟ್ಟು ಹೇಳಿ. ಉಚ್ಚಾರವೂ ಆಗಲೇ ಸರಿಯಾಗುತ್ತದೆ: ಸಿಮೈಲ್ ಅಲ್ಲ, ಸಿಮಿಲಿ. ಹೈಪರ್‌ಬೋಲ್ ಅಲ್ಲ, ಹೈಪರ್ಬಲಿ.

ವಾರ ಕಳೆದ ಮೇಲೆ ಪೆನ್ಸಿಲ್ ಹಿಡಿದು ಒಂದು ಪದ್ಯಕ್ಕೆ ಕೂರಿ. ವರ್ಡ್ಸ್‌ವರ್ತ್ ಡ್ಯಾಫೊಡಿಲ್ ಹೂಗಳ ಮೇಲೆ ಬರೆದ, 1807ರಲ್ಲಿ ಮೊದಲು ಅಚ್ಚಾದ ಪದ್ಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಸಾಲಲ್ಲೇ ಕವಿ ಒಂಟಿ ಮೋಡದಂತೆ ಅಲೆಯುತ್ತಾನೆ: ಸಿಮಿಲಿ. ಹೂಗಳು ಕುಣಿಯುತ್ತವೆ: ಪರ್ಸಾನಿಫಿಕೇಶನ್. ಮುಂದೆ ಓದಿ. ಒಂದೇ ನೋಟಕ್ಕೆ ಹತ್ತು ಸಾವಿರ ಹೂ ಕಂಡೆ ಅನ್ನುತ್ತಾನೆ. ಎಣಿಸಿದ್ದನಾ? ಇಲ್ಲ. ಅಮ್ಮನೂ ಎಣಿಸಿರಲಿಲ್ಲ.