ಹೋಗಲ್ಲ ಎಂದು ಕುಳಿತ ಫೋಲ್ಡರ್‌ಗಳು

ನಮ್ಮ ಡಿಟಿಪಿ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ವಿಂಡೋಸ್ 7, 320 ಜಿಬಿ ಡಿಸ್ಕ್. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ವಿಂಡೋಸ್ 7ಗೆ ಕೈ ಮುಗಿದುಬಿಟ್ಟಿತು. ನಾನು ಮಾತ್ರ ಬಿಟ್ಟಿಲ್ಲ. ಹಳೆಯ ಪೇಜ್‌ಮೇಕರ್ ಫೈಲುಗಳು, ‘ನುಡಿ’ ತಂತ್ರಾಂಶದ ಫಾಂಟ್‌ನಲ್ಲಿ ಕಂಪೋಸ್ ಮಾಡಿದ ಲಗ್ನಪತ್ರಿಕೆಗಳು ಎಲ್ಲ ಅದರಲ್ಲೇ ಇವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದಕ್ಕೇ ಇಂಟರ್‌ನೆಟ್ ಕೊಡದೆ ಮೂಲೆಯಲ್ಲಿ ಸಾಕಿಕೊಂಡಿದ್ದೇನೆ.

ಮದುವೆ ಸೀಸನ್ ಮುಗಿದಾಗ ಡಿ ಡ್ರೈವ್ ತುಂಬಿ ಕೆಂಪಾಗಿತ್ತು. ಬೇಡದ್ದನ್ನು ತೆಗೆಯೋಣ ಎಂದು ಕುಳಿತೆ. ಹೆಚ್ಚಿನದು ಸುಮ್ನೆ ಹೋಯಿತು. ನಾಲ್ಕು ಫೋಲ್ಡರ್ ಮಾತ್ರ ಅಲ್ಲಾಡಲಿಲ್ಲ. ಡಿಲೀಟ್ ಒತ್ತುವುದು, ರೀಸ್ಟಾರ್ಟ್ ಮಾಡುವುದು, ಮತ್ತೆ ಡಿಲೀಟ್ ಒತ್ತುವುದು. ಅರ್ಧ ದಿನ ಹೀಗೇ ಹೋಯಿತು. ಆಮೇಲೆ ಗಮನಿಸಿದೆ, ನಾಲ್ಕೂ ಬೇರೆ ಬೇರೆ ಎರರ್ ತೋರಿಸುತ್ತಿದ್ದವು. ನಾನು ಓದದೆ ಓಕೆ ಒತ್ತುತ್ತಿದ್ದೆ.

ಮೊದಲನೆಯದು ಸುಲಭದ್ದು. ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ ಎನ್ನುತ್ತಿತ್ತು. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆದೆ. ಅಲ್ಲಿ ಸಿಪಿಯು ಟ್ಯಾಬ್‌ನಲ್ಲಿ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಎಂಬ ಜಾಗವಿದೆ. ಫೋಲ್ಡರ್ ಹೆಸರು ಟೈಪ್ ಮಾಡಿದರೆ ಅದನ್ನು ಹಿಡಿದುಕೊಂಡಿರುವವರು ಯಾರು ಎಂದು ಹೇಳುತ್ತದೆ. ನೋಡಿದರೆ ರೀಸ್ಟಾರ್ಟ್ ಆದಮೇಲೆ ನಾನೇ ಮತ್ತೆ ತೆರೆದಿಟ್ಟಿದ್ದ ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ! ಅದು ಅದೇ ಫೋಲ್ಡರ್ ಒಳಗೆ ಕುಳಿತಿತ್ತು. ಕಿಟಕಿ ಮುಚ್ಚಿದೆ, ಫೋಲ್ಡರ್ ಹೋಯಿತು.

ಎರಡನೆಯದು ‘ಆಕ್ಸೆಸ್ ಡಿನೈಡ್’. ಇದು ಸತ್ತುಹೋದ ಇನ್ನೊಂದು ಕಂಪ್ಯೂಟರಿನ ಡಿಸ್ಕಿನಿಂದ ಬಂದದ್ದು. ಆ ಡಿಸ್ಕನ್ನು ಇದಕ್ಕೆ ಎರಡನೆಯದಾಗಿ ಜೋಡಿಸಿ ಡಿ ಡ್ರೈವ್ ಮಾಡಿಕೊಂಡಿದ್ದೆವು. ಫೋಲ್ಡರ್ ಬಂದಿತ್ತು, ಅದರ ಮಾಲೀಕ ಅಲ್ಲೇ ಉಳಿದಿದ್ದ. ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದದ ನಂಬರು ಮಾತ್ರ ಕಾಣುತ್ತಿತ್ತು. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್, ಓನರ್ ಎಂದು ಹೋಗಿ ಮಾಲೀಕತ್ವ ನನ್ನ ಹೆಸರಿಗೆ ಮಾಡಿಕೊಂಡೆ. ಒಳಗಿನ ಫೈಲುಗಳಿಗೂ ಅನ್ವಯಿಸು ಎಂಬ ಟಿಕ್ ಮರೆಯಬಾರದು. ಮಾಲೀಕತ್ವ ಬದಲಾದರೆ ಸಾಲದು, ಫುಲ್ ಕಂಟ್ರೋಲ್ ಅನುಮತಿಯನ್ನೂ ಬೇರೆಯಾಗಿ ಕೊಟ್ಟುಕೊಳ್ಳಬೇಕು. ನಾನು ಮೊದಲ ಸಲ ಅದನ್ನು ಬಿಟ್ಟು, ಇನ್ನೂ ಯಾಕೆ ಹೋಗುತ್ತಿಲ್ಲ ಎಂದು ತಲೆ ಕೆರೆದುಕೊಂಡೆ. ಈ ವಿದ್ಯೆಯನ್ನು ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಮೇಲೆ ಮಾತ್ರ ತೋರಿಸಬೇಡಿ. ಅಲ್ಲಿ ಬೀಗ ಹಾಕಿರುವುದಕ್ಕೆ ಕಾರಣವಿದೆ.

ಮೂರು ಮತ್ತು ನಾಲ್ಕನೆಯದು ನಿಜವಾದ ತರಲೆಗಳು.

ಮೂರನೆಯದರ ಹೆಸರು ಆಟೋರನ್ ಡಾಟ್ ಐಎನ್‌ಎಫ್. ಪೆನ್‌ಡ್ರೈವ್ ವೈರಸ್ಸಿನ ಕಾಲ ನೆನಪಿದೆ ಅಲ್ವಾ? ಗಿರಾಕಿ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಆ ಹೆಸರಿನ ಫೈಲ್ ಮೂಲಕ ವೈರಸ್ ಒಳಗೆ ಬರುತ್ತಿತ್ತು. ಅದಕ್ಕೆ ಯಾರೋ ‘ಲಸಿಕೆ’ ಪ್ರೋಗ್ರಾಂ ಹಾಕಿದ್ದರು. ಅದೇ ಹೆಸರಿನ ಫೋಲ್ಡರನ್ನು ಮೊದಲೇ ಮಾಡಿಟ್ಟರೆ ವೈರಸ್ಸಿಗೆ ಆ ಹೆಸರಿನ ಫೈಲ್ ಮಾಡಲು ಆಗುವುದಿಲ್ಲ. ಫೋಲ್ಡರನ್ನೇ ಅಳಿಸಿಬಿಟ್ಟರೆ? ಅದಕ್ಕೂ ಉಪಾಯ, ಒಳಗೆ ಎಲ್‌ಪಿಟಿ3 ಎಂಬ ಇನ್ನೊಂದು ಫೋಲ್ಡರ್. ಎಲ್‌ಪಿಟಿ ಎಂದರೆ ಪ್ರಿಂಟರ್ ಪೋರ್ಟ್. ಕಾನ್, ಪಿಆರ್‌ಎನ್, ಎಯುಎಕ್ಸ್, ನಲ್, ಕಾಮ್1 ಇವೆಲ್ಲ ಅದೇ ಜಾತಿ. 1981ರಲ್ಲಿ ಬಂದ ಮೊದಲ ಡಾಸ್‌ನಲ್ಲಿ (ವಿಂಡೋಸ್‌ಗಿಂತ ಮುಂಚಿನ ಆಪರೇಟಿಂಗ್ ಸಿಸ್ಟಂ) ಫೋಲ್ಡರ್‌ಗಳೇ ಇರಲಿಲ್ಲ. ಹಾಗಾಗಿ ಈ ಹೆಸರು ಎಲ್ಲಿ ಬರೆದರೂ ಅದು ಯಂತ್ರ ಎಂದೇ ಲೆಕ್ಕ. ಆ ಅಭ್ಯಾಸ ವಿಂಡೋಸ್‌ಗೂ ಅಂಟಿಕೊಂಡು ಬಂತು. ನಾನು ಫೋಲ್ಡರ್ ಅಳಿಸು ಎಂದರೆ ಅದು ಪ್ರಿಂಟರ್ ಹುಡುಕಲು ಹೋಗುತ್ತಿತ್ತು.

ನಾಲ್ಕನೆಯದು ‘ಬ್ಯಾಕಪ್.’. ಕೊನೆಯಲ್ಲಿ ಚುಕ್ಕಿ. ಹಿಂದೊಮ್ಮೆ ಸ್ನೇಹಿತನೊಬ್ಬ ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ ಫೈಲುಗಳನ್ನು ಉಳಿಸಿಕೊಟ್ಟಿದ್ದ. ಆಗ ಕೈತಪ್ಪಿ ಚುಕ್ಕಿ ಬಿದ್ದಿತ್ತು. ಲಿನಕ್ಸ್‌ಗೆ ಅದರಿಂದ ತೊಂದರೆಯಿಲ್ಲ. ವಿಂಡೋಸ್ ಮಾತ್ರ ಹೆಸರಿನ ಕೊನೆಯ ಚುಕ್ಕಿಯನ್ನೂ ಖಾಲಿ ಜಾಗವನ್ನೂ ತಾನೇ ಒರೆಸಿಬಿಡುತ್ತದೆ. ಚುಕ್ಕಿ ಇಲ್ಲದ ಫೋಲ್ಡರ್ ಹುಡುಕಿ, ಸಿಗದೆ, ಇಲ್ಲಿ ಅಂಥದ್ದೇನೂ ಇಲ್ಲ ಎನ್ನುತ್ತದೆ. ಕಣ್ಣೆದುರಿಗೇ ಇರುತ್ತದೆ!

ಎರಡಕ್ಕೂ ಮದ್ದು ಒಂದೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆರ್‌ಡಿ ಎಂದು ಟೈಪ್ ಮಾಡಿ. ಜಾಗ ಬಿಟ್ಟು ಮುಂದಕ್ಕೆ ವಾಲಿದ ಗೆರೆ ಮತ್ತು ಎಸ್ ಅಕ್ಷರ, ಒಳಗಿರುವುದನ್ನೆಲ್ಲ ಸೇರಿಸಿ ಎಂದು. ಮತ್ತೆ ಜಾಗ ಬಿಟ್ಟು, ಡಬಲ್ ಕೋಟ್ ಒಳಗೆ ಫೋಲ್ಡರಿನ ಪೂರ್ತಿ ವಿಳಾಸ. ಗುಟ್ಟು ಇರುವುದು ಆ ವಿಳಾಸದ ಶುರುವಿನಲ್ಲಿ. ಡಿ ಎಂಬ ಅಕ್ಷರಕ್ಕೂ ಮುಂಚೆ \\?\ ಹಾಕಬೇಕು. ಅಂದರೆ ಹಿಂದಕ್ಕೆ ವಾಲಿದ ಗೆರೆ ಎರಡು, ಪ್ರಶ್ನಾರ್ಥಕ ಚಿಹ್ನೆ, ಮತ್ತೊಂದು ಗೆರೆ. ಇದನ್ನು ಕಂಡರೆ ವಿಂಡೋಸ್ ಹೆಸರನ್ನು ತಿದ್ದಲು ಹೋಗುವುದಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಡಿಸ್ಕಿಗೆ ದಾಟಿಸುತ್ತದೆ. ಎಲ್‌ಪಿಟಿ3 ಆಗ ಬರೀ ಒಂದು ಹೆಸರು. ಚುಕ್ಕಿಯೂ ಉಳಿಯುತ್ತದೆ.

ಒಂದು ಮಾತು. ಹೀಗೆ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ಬ್ಯಾಕಪ್ ಎಂಬ ಹೆಸರು ನೋಡಿ ನನಗೇ ಕೈ ನಡುಗಿತು. ಅದಕ್ಕೆ ಮೊದಲು ಅದೇ ವಿಳಾಸ ಕೊಟ್ಟು ಆರ್‌ಇಎನ್ ಕಮಾಂಡಿನಿಂದ ಚುಕ್ಕಿಯಿಲ್ಲದ ಹೆಸರಿಟ್ಟೆ. ಈಗ ಎಂದಿನಂತೆ ತೆರೆಯಿತು. ಒಳಗೆ ಏಳು ವರ್ಷದ ಹಿಂದಿನ ಒಂದು ಊರಿನ ಜಾತ್ರೆಯ ಕರಪತ್ರ ಇತ್ತು. ಪ್ರತಿ ವರ್ಷ ಅವರು ಬಂದು ‘ಹಳೇದೇ ಇದೆಯಲ್ಲ, ತಾರೀಖು ಬದಲಾಯಿಸಿ ಸಾಕು’ ಎನ್ನುತ್ತಾರೆ. ನಾನು ಪ್ರತಿ ವರ್ಷ ಮೊದಲಿನಿಂದ ಕಂಪೋಸ್ ಮಾಡುತ್ತಿದ್ದೆ. ಅದನ್ನು ಪಕ್ಕಕ್ಕೆ ಎತ್ತಿಟ್ಟು ಉಳಿದದ್ದನ್ನು ಅಳಿಸಿದೆ.