ಈ ಪದ್ಯ ಯಾರಿಗೆ?

ಶಿವಮೊಗ್ಗದಲ್ಲಿ ಕವಿಗೋಷ್ಠಿಗಳಿಗೆ ಬರ ಇಲ್ಲ. 1930ರಲ್ಲಿ ಶುರುವಾದ ಕರ್ನಾಟಕ ಸಂಘ ಇವತ್ತಿಗೂ ನಡೆಯುತ್ತಿದೆ. ಕುವೆಂಪು ರಂಗಮಂದಿರದಲ್ಲಿ ಒಂದಲ್ಲ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ದಸರಾ, ರಾಜ್ಯೋತ್ಸವ ಬಂತೆಂದರೆ ಮಕ್ಕಳಿಗೂ ವೇದಿಕೆ ಸಿಗುತ್ತದೆ. ಆದರೆ ಅಲ್ಲಿ ಮಕ್ಕಳು ಓದುವುದೇನು? ಕನ್ನಡ ತಾಯಿ, ಹಸಿರು ಕಾಡು, ಅಮ್ಮನ ಪ್ರೀತಿ. ಆಮೇಲೆ ಒಂದು ಸರ್ಟಿಫಿಕೇಟ್, ಒಂದು ಗ್ರೂಪ್ ಫೋಟೋ. ಹದಿನೈದು ವರ್ಷದ ಹುಡುಗಿಗೆ ಈ ಊರಿನ ಬಗ್ಗೆ ನಿಜವಾಗಿ ಏನನ್ನಿಸುತ್ತದೆ ಅನ್ನೋದು ಆ ವೇದಿಕೆಗೆ ಬರುವುದೇ ಇಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ, ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗಿನ ಮಕ್ಕಳನ್ನು ಸೇರಿಸಿ ಪದ್ಯ ಬರೆಸುತ್ತೇನೆ. ಊರಿನ ಮಕ್ಕಳಿದ್ದಾರೆ. ಸಾಗರ, ಸೊರಬ, ಹೊಸನಗರದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರೂ ಇದ್ದಾರೆ. ನಾನು ವಿಷಯ ಕೊಡುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: ಈ ಪದ್ಯ ಯಾರಿಗೆ? ಊರಲ್ಲಿ ಇದನ್ನು ಯಾರು ಕೇಳಲೇಬೇಕು? ಲಾಸ್ಟ್ ಬಸ್ಸಿನ ಕಂಡಕ್ಟರ್ ಆಗಬಹುದು, ಪಾಲಿಕೆಯ ಇಂಜಿನಿಯರ್ ಆಗಬಹುದು, ಸ್ವಂತ ಅಪ್ಪನೇ ಆಗಬಹುದು.

ಯಾರಿಗೆ ಅನ್ನೋದು ಗೊತ್ತಾದ ಕೂಡಲೇ ಭಾಷೆ ಬದಲಾಗುತ್ತದೆ. ಹೊಳೆ ಪಕ್ಕದ ಓಣಿಯ ಹುಡುಗಿಯೊಬ್ಬಳು ತುಂಗೆಯನ್ನು ತಾಯಿ, ದೇವಿ ಅಂತ ಹೊಗಳಿ ಪುಟ ತುಂಬಿಸಿದ್ದಳು. ಯಾರಿಗೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಸೇತುವೆ ಮೇಲೆ ನಿಂತು ಫೋಟೋ ತೆಗೀತಾರಲ್ಲ ಮೇಡಂ, ಅವರಿಗೆ" ಅಂದಳು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತಲೇ ಲೆಕ್ಕ. ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟ್ ತೆಗೆದರು ಅಂತ ಸುದ್ದಿ ಬಂದರೆ ಸಾಕು, ಜನ ನೋಡಲು ಹೊರಡುತ್ತಾರೆ. 2019ರ ಆಗಸ್ಟಿನಲ್ಲಿ ಹೊಳೆ ನೀರು ತಗ್ಗಿನ ಬಡಾವಣೆಗಳಿಗೆ ನುಗ್ಗಿತ್ತು. ಆಗ ಆ ಹುಡುಗಿ ಇನ್ನೂ ಪ್ರೈಮರಿಯಲ್ಲಿದ್ದಳು. ಅವಳು ಹೊಸದಾಗಿ ಬರೆದ ಸಾಲುಗಳು ಇವು:

ಮಂಟಪ ಮುಳುಗಿತು ಅಂತ ನೀವು ನೋಡೋಕೆ ಬಂದ್ರಿ.
ಅದೇ ಹೊತ್ತಲ್ಲಿ ನಮ್ಮಮ್ಮ
ಅಕ್ಕಿ ಡಬ್ಬಿ ಅಟ್ಟಕ್ಕೆ ಏರಿಸ್ತಿದ್ಲು.
ಸೇತುವೆ ಮೇಲಿಂದ ನಮ್ಮ ಓಣಿ ಕಾಣಲ್ವಾ?

ಇದನ್ನು ಸಭಾಂಗಣದಲ್ಲಿ ಓದಿಸಿದ್ದರೆ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಿದ್ದರು. ನಾವು ಹೊಳೆ ದಂಡೆಯಲ್ಲೇ, ಮಂಟಪ ಕಾಣುವ ಜಾಗದಲ್ಲಿ ಓದಿದೆವು. ಆ ಭಾಗದ ಚರಂಡಿ ನೋಡಿಕೊಳ್ಳುವ ಇಂಜಿನಿಯರಿಗೆ ಮಕ್ಕಳೇ ಪತ್ರ ಬರೆದು ಕರೆದಿದ್ದರು. ಅವರು ಬಂದರು. ಹಾರ, ಶಾಲು, ಅಧ್ಯಕ್ಷರ ಭಾಷಣ ಯಾವುದೂ ಇರಲಿಲ್ಲ. ಎಲ್ಲರ ಜೊತೆ ಮೆಟ್ಟಿಲ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಅವಳನ್ನು ಕರೆದು, "ನಿಮ್ಮ ಓಣಿ ಯಾವುದಮ್ಮ? ನೀರು ಮೊದಲು ಎಲ್ಲಿಂದ ಬರುತ್ತೆ?" ಅಂತ ಕೇಳಿ ಬರೆದುಕೊಂಡರು. ಮುಂದಿನ ಮಳೆಗೆ ಮೊದಲು ಆ ಚರಂಡಿಯ ಹೂಳು ತೆಗೆಸಿದರು. ಓಣಿಯ ತೊಂದರೆ ಪೂರ್ತಿ ತೀರಿಲ್ಲ. ಆದರೆ ಆ ಹುಡುಗಿ ಹೇಳಿದ್ದು ಒಬ್ಬರ ಡೈರಿಯಲ್ಲಿ ಕೆಲಸವಾಗಿ ಸೇರಿತು. ನನಗೆ ಬೇಕಿದ್ದುದು ಅದೇ.

ಕಷ್ಟ ಇರುವುದು ಹೆಸರಿನಲ್ಲಿ. ಈ ವಯಸ್ಸಿನವರು ನಿಜ ಬರೆದರೆ ಮನೆಯಲ್ಲೋ ಹಾಸ್ಟೆಲಲ್ಲೋ ಬೈಗುಳ ಕಾದಿರುತ್ತದೆ. ಬಸ್ ಸ್ಟಾಪಿನಲ್ಲಿ ಹಿಂದೆ ಬೀಳುವ ಹುಡುಗರ ಬಗ್ಗೆ ಬರೆದವಳನ್ನು ಮನೆಯವರು ಕಾಲೇಜೇ ಬಿಡಿಸಬಹುದು. ದಾರಿ ತೋರಿಸಿದ್ದು ನಮ್ಮ ಜಿಲ್ಲೆಯವರೇ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ, ಇಬ್ಬರೂ ಶಿಕಾರಿಪುರ ತಾಲ್ಲೂಕಿನವರು. ಅವರ ವಚನಗಳಲ್ಲಿ ಸ್ವಂತ ಹೆಸರಿನ ಬದಲು ಇರುವುದು ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅನ್ನುವ ಅಂಕಿತ. ನಮ್ಮ ಮಕ್ಕಳೂ ಒಬ್ಬೊಬ್ಬರು ಒಂದೊಂದು ಅಂಕಿತ ಇಟ್ಟುಕೊಂಡರು. ಒಬ್ಬ 'ಕೊನೇ ಬೆಂಚು', ಒಬ್ಬಳು 'ಗಾಂಧಿ ಬಜಾರಿನ ಗುಬ್ಬಿ'. ಓದುವಾಗ ಪದ್ಯಗಳನ್ನು ಅದಲುಬದಲು ಮಾಡುತ್ತೇವೆ. ಅವಳ ಪದ್ಯ ಇವನು, ಇವನದ್ದು ಇನ್ನೊಬ್ಬಳು. ಯಾರದ್ದು ಅಂತ ಯಾರಾದರೂ ಕೇಳಿದರೆ "ನಮ್ಮೆಲ್ಲರದ್ದು" ಅನ್ನುತ್ತಾರೆ. ಹುಡುಗಿಯ ಪದ್ಯವನ್ನು ಹುಡುಗ ಓದುವಾಗ ಅವನ ಗಂಟಲು ಕಟ್ಟಿದ್ದನ್ನು ನೋಡಿದ್ದೇನೆ. ಒಂದು ಮಾತು ಮಾತ್ರ ಗಟ್ಟಿ: ಮಗುವಿಗೆ ಅಪಾಯ ಇದೆ ಅಂತ ಪದ್ಯದಿಂದ ಗೊತ್ತಾದರೆ ಅದನ್ನು ಓದಿಸುವುದಿಲ್ಲ. ಮೊದಲು ಮಗುವಿನ ಜೊತೆ ಮಾತಾಡುತ್ತೇನೆ, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ.

ಮನೆಮಾತನ್ನೂ ನಾನು ತಿದ್ದುವುದಿಲ್ಲ. ಉರ್ದು, ಲಂಬಾಣಿ, ಹವಿಗನ್ನಡ, ಭದ್ರಾವತಿ ಕಡೆಯ ತಮಿಳು ಎಲ್ಲವೂ ಸಾಲಿನ ನಡುವೆ ಬರುತ್ತವೆ. ಬರಲಿ, ಶಿವಮೊಗ್ಗದ ಬೀದಿಯಲ್ಲಿ ಕೇಳಿಸುವುದೂ ಅದೇ ಅಲ್ವಾ?

ಮೈಕಿಗೆ ಲಿಖಿತ ಅನುಮತಿ ಬೇಕು, ಹಾಗಾಗಿ ಮೈಕ್ ಬಿಟ್ಟೆವು. ಮೈದಾನದ ಆಚೆ ತುದಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಅವರಿಗೆ ಕೇಳುವ ಹಾಗೆ ಓದಿ ಅಭ್ಯಾಸ ಮಾಡುತ್ತಾರೆ. ಹೊರಗೆ ಓದಲು ದೀಪಾವಳಿಯಿಂದ ಸಂಕ್ರಾಂತಿವರೆಗೆ ಒಳ್ಳೆ ಕಾಲ. ಅದಕ್ಕೆ ಮುಂಚೆ ಮಳೆ, ಆಮೇಲೆ ಪರೀಕ್ಷೆ.

ಸೊರಬ ಕಡೆಯ ಹಾಸ್ಟೆಲ್ ಹುಡುಗನೊಬ್ಬ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆ ಬಗ್ಗೆ ಬರೆದ. ಅದು 1957ರಲ್ಲಿ ಮೊದಲು ಗೊತ್ತಾಗಿದ್ದು ಅವನ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅವನ ಅಮ್ಮ ಇವತ್ತಿಗೂ ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುತ್ತಾಳೆ, ಸಂಜೆ ಮೈಮೇಲಿನ ಉಣುಗು ಹುಡುಕಿ ತೆಗೆಯುತ್ತಾಳೆ. ಅವನ ಊರಿನ ಬಸ್ಸುಗಳು ನಿಲ್ಲುವ ಕಡೆಯೇ ಓದಿದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು "ನಮ್ಮನೇಲೂ ಆಗಿತ್ತು ಕಣೋ ತಮ್ಮಾ" ಅಂತ ತಮ್ಮ ಕಥೆ ಹೇಳಿದರು. ಅವರನ್ನು ಕೇಳಿಕೊಂಡೇ ಆ ಕಥೆಯನ್ನೂ ಪದ್ಯಕ್ಕೆ ಸೇರಿಸಿದ. ಓದುವುದಕ್ಕಿಂತ ಓದಿದ ಮೇಲಿನ ಈ ಮಾತುಕತೆಗೆ ನಾವೀಗ ಜಾಸ್ತಿ ಹೊತ್ತು ಇಡುತ್ತೇವೆ.

ಈ ಸಲ ಶರಾವತಿ ಮುಳುಗಡೆ ಕುಟುಂಬದ ಹುಡುಗ ಬಂದಿದ್ದಾನೆ. ಆ ಹೊಳೆಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅವನ ಅಜ್ಜನಿಗೆ ಇನ್ನೂ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಯಾರಿಗೆ ಅಂತ ನಾನು ಕೇಳುವ ಮೊದಲೇ "ಡಿಸಿ ಸಾಹೇಬರಿಗೆ" ಅಂದ. ಡಿಸಿ ಆಫೀಸಿನ ಆವರಣದಲ್ಲಿ ಓದಬೇಕೆಂದರೆ ಅನುಮತಿ ಬೇಕು. ಅರ್ಜಿಯನ್ನು ಅವನೇ ಬರೆದಿದ್ದಾನೆ. ಸೋಮವಾರ ಹೋಗಿ ಕೊಟ್ಟು ಬರುತ್ತೇವೆ.